ಗುಲ್ಮದೊಳಗಣ ಗಡ್ಡೆ

ಕನ್ನಡದಲ್ಲಿ 'ಗಡ್ಡೆ' ಎಂಬ ಮಾತು ಮನೆಯ ಜಗಲಿಯಲ್ಲಿ ಒಂದು ಅರ್ಥವನ್ನು ಕೊಟ್ಟರೆ ಆಸ್ಪತ್ರೆಯ ಕೋಣೆಯಲ್ಲಿ ಮತ್ತೊಂದು ಅರ್ಥವನ್ನು ಕೊಡುತ್ತದೆ. ಮಲೆನಾಡಿನ ಹಿರಿಯರ ಬಾಯಲ್ಲಿ 'ಜ್ವರಗಡ್ಡೆ' ಎಂದರೆ ಚಳಿಜ್ವರ ಬಂದು ಬಂದು ಎಡಪಕ್ಕೆಯ ಕೆಳಗೆ ಉಬ್ಬಿ ನಿಂತ ಗುಲ್ಮ. ಅಲ್ಲಿ ಅಂಗವೇ ಗಡ್ಡೆ. ವೈದ್ಯರು 'ಗುಲ್ಮದಲ್ಲಿ ಗಡ್ಡೆ ಇದೆ' ಎಂದಾಗಲಾದರೋ ಅಂಗ ಬೇರೆ, ಅದರೊಳಗೆ ಬೆಳೆದ ವಸ್ತು ಬೇರೆ. ಈ ಎರಡು ಅರ್ಥಗಳ ನಡುವೆ ಸಾಗರ ಸೀಮೆಯ ಒಂದು ಮನೆ ಎಂಟು ತಿಂಗಳ ಕಾಲ ತೊಳಲಾಡಿತು.

ಆ ಮನೆಯ ಮಗಳು ಪ್ರೌಢಶಾಲೆಯಲ್ಲಿ ಕನ್ನಡ ಬೋಧಿಸುವ ಶಿಕ್ಷಕಿ. 2023ರ ಜೂನ್ ತಿಂಗಳಲ್ಲಿ ಆಕೆಗೆ 46 ವರ್ಷ. ಊಟವಾದ ಮೇಲೆ ಹೊಟ್ಟೆಯ ಮೇಲ್ಭಾಗದಲ್ಲಿ ಭಾರವೆನಿಸುತ್ತಿದ್ದುದರಿಂದ ಪಿತ್ತಕೋಶದಲ್ಲಿ ಕಲ್ಲಿರಬಹುದೆಂದು ಹತ್ತಿರದ ಪಟ್ಟಣದಲ್ಲಿ ಸ್ಕ್ಯಾನಿಂಗ್ ಮಾಡಿಸಿದರು. ಪಿತ್ತಕೋಶ ನಿರ್ಮಲವಾಗಿದ್ದಿತು. ಅದರ ಎದುರು ಬದಿಯಲ್ಲಿ, ಯಾರೂ ಹುಡುಕದಿದ್ದ ಎಡೆಯಲ್ಲಿ, ಗುಲ್ಮದ ನಡುವೆ 4.6 ಸೆಂಟಿಮೀಟರ್ ಅಗಲದ ಒಂದು ನೆರಳು ಕಾಣಿಸಿತು. ಗುಲ್ಮದ ಸೌಮ್ಯ ಗಡ್ಡೆಗಳಲ್ಲಿ ಬಹುಪಾಲು ಹೀಗೆಯೇ ಬೆಳಕಿಗೆ ಬರುತ್ತವೆ. ಅವು ನೋಯುವುದಿಲ್ಲ, ಜ್ವರ ತರುವುದಿಲ್ಲ. ಬೇರೆ ಯಾವುದೋ ಕಾರಣಕ್ಕೆ ಹೊಟ್ಟೆಯೊಳಗೆ ಇಣುಕಿದ ಯಂತ್ರಕ್ಕೆ ಸಿಕ್ಕಿಬೀಳುತ್ತವೆ.

ಸ್ಕ್ಯಾನಿಂಗ್ ಮಾಡಿದ ಕೋಣೆಯಲ್ಲಿಯೇ ಒಬ್ಬರು 'ಕ್ಯಾನ್ಸರ್ ಇದ್ದೀತು, ತಡಮಾಡಬೇಡಿ' ಎಂದುಬಿಟ್ಟರು. ಆ ಒಂದು ಮಾತು ಮನೆಗೆ ಬಂದು ಸೇರುವಷ್ಟರಲ್ಲಿ ಮೂರು ಊರಿನ ನೆಂಟರಿಗೆ ತಲುಪಿದ್ದಿತು. ಎಂಬತ್ತು ವರ್ಷದ ತಾಯಿ ಮಾತ್ರ ಗಾಬರಿಯಾಗಲಿಲ್ಲ. "ಜ್ವರಗಡ್ಡೆಗೆ ಇಷ್ಟು ರಂಪ ಯಾಕೆ ಮಗಾ? ನಂಗೂ ಸಣ್ಣೋಳಿದ್ದಾಗ ಇತ್ತು. ನಮ್ಮ ಕೇರೀಲಿ ಇಲ್ಲದ ಮಕ್ಕಳೇ ಇರಲಿಲ್ಲ" ಎಂದರು.

ಮುದುಕಿಯ ಮಾತು ಸುಳ್ಳಲ್ಲ. ಮಲೇರಿಯದ ಜೀವಾಣುಗಳು ಕೆಂಪು ರಕ್ತಕಣಗಳನ್ನು ಹೊಕ್ಕಾಗ ಅಂತಹ ಕಣಗಳನ್ನು ಹಿಡಿದು ಕೆಡಹುವ ಕೆಲಸ ಗುಲ್ಮದ್ದು. ಮತ್ತೆ ಮತ್ತೆ ಜ್ವರ ಬಂದಾಗ ಅದು ದುಡಿದು ದುಡಿದು ಹಿಗ್ಗುತ್ತದೆ. ಒಂದು ಊರಿನಲ್ಲಿ ಮಲೇರಿಯ ಎಷ್ಟಿದೆಯೆಂದು ತಿಳಿಯಲು ಮಕ್ಕಳ ಹೊಟ್ಟೆಯನ್ನು ಮುಟ್ಟಿ ಗುಲ್ಮ ಕೈಗೆ ಸಿಕ್ಕವರನ್ನು ಎಣಿಸುವ ಕ್ರಮವನ್ನು ಡೆಂಪ್‌ಸ್ಟರ್ ಎಂಬ ವೈದ್ಯನು 1847ರಲ್ಲಿ ಉತ್ತರ ಭಾರತದ ಕಾಲುವೆ ಪ್ರದೇಶಗಳಲ್ಲಿಯೇ ಮೊದಲು ಬಳಸಿದನು. ಸೊಳ್ಳೆಯಿಂದ ಮಲೇರಿಯ ಹರಡುವುದೆಂದು ಯಾರಿಗೂ ತಿಳಿದಿರದಿದ್ದ ಕಾಲವದು. ಮಲೆನಾಡಿನ ಮನೆಗಳ ಅಜ್ಜಿಯರು ಮಕ್ಕಳ ಎಡಪಕ್ಕೆಯನ್ನು ಒತ್ತಿ ನೋಡುತ್ತಿದ್ದುದೂ ಇದೇ ಪರೀಕ್ಷೆಯೇ.

ಆದರೆ ಶಿಕ್ಷಕಿಯ ಗುಲ್ಮ ಉಬ್ಬಿರಲಿಲ್ಲ. ಪಕ್ಕೆಯೆಲುಬಿನ ಕೆಳಗೆ ಎಷ್ಟು ಒತ್ತಿದರೂ ಕೈಗೆ ಸಿಗುತ್ತಿರಲಿಲ್ಲ. ಇದ್ದ ಅಳತೆಯೊಳಗೇ ಇದ್ದು ತನ್ನ ಮಧ್ಯದಲ್ಲಿ ಮತ್ತೊಂದನ್ನು ಸಾಕಿಕೊಂಡಿದ್ದಿತು.

'ಗುಲ್ಮ' ಶಬ್ದದ ವಿಚಾರವನ್ನೂ ಇಲ್ಲಿ ಎರಡು ಮಾತಿನಲ್ಲಿ ನೋಡಬೇಕು. ಕನ್ನಡ ಶಾಲೆಯ ವಿಜ್ಞಾನ ಪಠ್ಯಗಳಲ್ಲಿ ಈ ಅಂಗಕ್ಕೆ ಗುಲ್ಮವೆಂದೇ ಹೆಸರು. ಸಂಸ್ಕೃತದಲ್ಲಿ ಆ ಶಬ್ದಕ್ಕೆ ಪೊದೆ, ಸೇನೆಯ ತುಕಡಿ, ಹೊಟ್ಟೆಯೊಳಗಿನ ಗಂಟು ಎಂಬ ಅರ್ಥಗಳೂ ಉಂಟು. ಆಯುರ್ವೇದದಲ್ಲಿ ಗುಲ್ಮವೆಂದರೆ ಹೊಟ್ಟೆಯ ಗಂಟಿನ ರೋಗವೇ ಆಗಿದ್ದು, ಅಂಗಕ್ಕೆ ಪ್ಲೀಹವೆಂಬ ಬೇರೆ ಹೆಸರಿದೆ. ರಕ್ತವನ್ನು ಒಯ್ಯುವ ಸ್ರೋತಸ್ಸುಗಳಿಗೆ ಯಕೃತ್ತೂ ಪ್ಲೀಹವೂ ಮೂಲವೆಂದು ಚರಕಸಂಹಿತೆ ಹೇಳುತ್ತದೆ. ಉದರರೋಗಗಳ ಎಂಟು ಬಗೆಗಳಲ್ಲಿ ಪ್ಲೀಹೋದರವೂ ಒಂದು. ಅಂದಮೇಲೆ ಕನ್ನಡದಲ್ಲಿ 'ಗುಲ್ಮದ ಗಡ್ಡೆ' ಎನ್ನುವುದು ಪದಶಃ ನೋಡಿದರೆ 'ಗಂಟಿನ ಗಂಟು' ಎಂದಂತಾಯಿತು. ತರಗತಿಯಲ್ಲಿ ದ್ವಿರುಕ್ತಿಯನ್ನು ಬೋಧಿಸುವ ಆ ಶಿಕ್ಷಕಿ ಆತಂಕದ ನಡುವೆಯೂ ತಮ್ಮನೊಡನೆ ಇದನ್ನು ಹೇಳಿ ನಕ್ಕರಂತೆ. ತಮ್ಮ ನಗಲಿಲ್ಲ.

ಸಾಮಾನ್ಯ ಸ್ಥಿತಿಯಲ್ಲಿ ಗುಲ್ಮ ಅಂಗೈಯಷ್ಟು ಅಗಲದ, ಸುಮಾರು 150 ಗ್ರಾಂ ತೂಕದ ಅಂಗ. ಎಡಗಡೆಯ ಒಂಬತ್ತು, ಹತ್ತು, ಹನ್ನೊಂದನೆಯ ಪಕ್ಕೆಯೆಲುಬುಗಳ ಮರೆಯಲ್ಲಿ, ವಪೆಗೆ ತಾಗಿಕೊಂಡು, ಜಠರದ ಬೆನ್ನಿಗೆ ಕುಳಿತಿರುತ್ತದೆ. ಅದನ್ನು ಕತ್ತರಿಸಿ ನೋಡಿದರೆ ಎರಡು ಬಗೆಯ ತಿರುಳು ಕಾಣುತ್ತದೆ. ಬಿಳಿಯ ತಿರುಳು ಸೋಂಕಿನ ವಿರುದ್ಧ ಪ್ರತಿಕಾಯಗಳನ್ನು ಸಿದ್ಧಗೊಳಿಸುತ್ತದೆ. ಕೆಂಪು ತಿರುಳು ರಕ್ತವನ್ನು ಜರಡಿ ಹಿಡಿಯುತ್ತದೆ. ಸುಮಾರು 120 ದಿನ ಬಾಳಿ ಮುದಿಯಾದ ಕೆಂಪುಕಣ ಅಲ್ಲಿನ ಇಕ್ಕಟ್ಟಾದ ಸಂದುಗಳಲ್ಲಿ ನುಸುಳಲಾರದೆ ಸಿಕ್ಕಿಕೊಳ್ಳುತ್ತದೆ. ಹರೆಯದ ಕಣ ಬಾಗಿ ಬಳುಕಿ ಆಚೆಗೆ ದಾಟುತ್ತದೆ. ಇಷ್ಟೊಂದು ರಕ್ತನಾಳಗಳಿಂದಲೇ ಕಟ್ಟಿದ ಅಂಗವಾದುದರಿಂದ ಇದರಲ್ಲಿ ಹುಟ್ಟುವ ಸೌಮ್ಯ ಗಡ್ಡೆಗಳೂ ಹೆಚ್ಚಾಗಿ ನಾಳಗಳಿಗೆ ಸಂಬಂಧಿಸಿದವೇ ಆಗಿರುತ್ತವೆ.

ಅವುಗಳಲ್ಲಿ ಹೆಚ್ಚು ಕಾಣಸಿಗುವುದು ಹೀಮ್ಯಾಂಜಿಯೋಮ, ಅಂದರೆ ರಕ್ತನಾಳಗಳ ಗಂಟು. ದುಗ್ಧನಾಳಗಳಿಂದ ಹುಟ್ಟುವ ಲಿಂಫ್ಯಾಂಜಿಯೋಮ ಹೆಚ್ಚಾಗಿ ಮಕ್ಕಳಲ್ಲಿ ನೀರುಗುಳ್ಳೆಗಳ ಗೊಂಚಲಿನಂತೆ ತೋರುತ್ತದೆ. ಗುಲ್ಮದ ತಿರುಳೇ ಕ್ರಮತಪ್ಪಿ ಒಂದೆಡೆ ಮುದ್ದೆಗಟ್ಟಿದರೆ ಅದು ಹ್ಯಾಮಾರ್ಟೋಮ. ವಿಯೆನ್ನಾದ ರೋಕಿಟಾನ್‌ಸ್ಕಿ ಇದನ್ನು 1861ರಲ್ಲಿಯೇ ಗುರುತಿಸಿದ್ದನು. ಕೆಂಪು ತಿರುಳಿನ ಕಾಲುವೆಗಳ ದಡದಲ್ಲಿ ಸಾಲಾಗಿ ಕುಳಿತಿರುವ ಕೋಶಗಳಿಂದ ಹುಟ್ಟುವ ಗಡ್ಡೆಯನ್ನು 1991ರಲ್ಲಿ ಫಾಕ್, ಸ್ಟುಟ್ಟೆ, ಫ್ರಿಟ್ಸೇರಾ ಎಂಬ ಮೂವರು 17 ರೋಗಿಗಳ ಆಧಾರದ ಮೇಲೆ ವಿವರಿಸಿ ಲಿಟ್ಟೊರಲ್ ಕೋಶದ ಆಂಜಿಯೋಮ ಎಂದು ಹೆಸರಿಟ್ಟರು. ಲಿಟ್ಟೊರಲ್ ಎಂದರೆ ದಡದ್ದು; ಹೆಸರು ಚೆನ್ನಾಗಿಯೇ ಇದೆ. ಈ ಗಡ್ಡೆ ಸೌಮ್ಯವೇ ಆದರೂ ಇದುಳ್ಳವರಲ್ಲಿ ಬೇರೆ ಅಂಗದ ಕ್ಯಾನ್ಸರ್ ಕಂಡುಬಂದ ನಿದರ್ಶನಗಳು ಹಲವಿರುವುದರಿಂದ ಉಳಿದ ಶರೀರವನ್ನೂ ಪರೀಕ್ಷಿಸುವುದು ರೂಢಿ.

ಕಷ್ಟವಿರುವುದು ಇವುಗಳನ್ನು ಹೊರಗಿನಿಂದ ಒಂದರಿಂದೊಂದು ಬೇರ್ಪಡಿಸುವುದರಲ್ಲಿ. ಅದಕ್ಕಿಂತ ಹೆಚ್ಚಾಗಿ, ಲಿಂಫೋಮದಂತಹ ಅಥವಾ ಆಂಜಿಯೋಸಾರ್ಕೋಮದಂತಹ ಮಾರಕ ಗಡ್ಡೆಯಿಂದ ಬೇರ್ಪಡಿಸುವುದರಲ್ಲಿ. ಭಾರತದಲ್ಲಿ ಇನ್ನೆರಡು ವೇಷಧಾರಿಗಳುಂಟು: ಗುಲ್ಮದ ಕ್ಷಯ, ಮತ್ತು ನಾಯಿಯ ಲಾಡಿಹುಳುವಿನಿಂದ ಬರುವ ಹೈಡ್ಯಾಟಿಡ್ ಗುಳ್ಳೆ. ಎರಡನೆಯದನ್ನು ತಿಳಿಯದೆ ಸೂಜಿಯಿಂದ ಚುಚ್ಚಿದರೆ ಒಳಗಿನ ನೀರು ಸೋರಿ ಪ್ರಾಣಕ್ಕೇ ಎರವಾಗಬಹುದು.

ಜಿಲ್ಲೆಯಿಂದ ಆಚೆ ಒಂದು ದೊಡ್ಡ ಆಸ್ಪತ್ರೆಯಲ್ಲಿ ಶಿಕ್ಷಕಿಯನ್ನು ನೋಡಿದ ಶಸ್ತ್ರವೈದ್ಯರು ಐವತ್ತು ದಾಟಿದವರು, ಮಿತಭಾಷಿ. ಮೊದಲ ಭೇಟಿಯಲ್ಲಿ ಅವರು ಗಡ್ಡೆಯ ವಿಷಯವನ್ನೇ ಎತ್ತಲಿಲ್ಲ. ತೂಕ ಇಳಿದಿದೆಯೇ, ರಾತ್ರಿ ಬೆವರುತ್ತದೆಯೇ, ಮನೆಯಲ್ಲಿ ನಾಯಿ ಇದೆಯೇ, ಕುರಿಯ ಒಡನಾಟವುಂಟೇ, ಹಿಂದೆ ಹೊಟ್ಟೆಗೆ ಪೆಟ್ಟು ಬಿದ್ದಿತ್ತೇ ಎಂದು ಕೇಳಿದರು. ಕುತ್ತಿಗೆ, ಕಂಕುಳು, ತೊಡೆಸಂದುಗಳನ್ನು ಮುಟ್ಟಿ ಗಂಟುಗಳಿಲ್ಲವೆಂದು ಖಚಿತಪಡಿಸಿಕೊಂಡರು. ರಕ್ತಪರೀಕ್ಷೆಗಳು ಸಹಜವಾಗಿದ್ದವು, ಹೈಡ್ಯಾಟಿಡ್ ಪರೀಕ್ಷೆಯೂ ಇಲ್ಲವೆಂದೇ ಹೇಳಿತು.

ಬಳಿಕ ನಾಳಕ್ಕೆ ಔಷಧ ಹಾಯಿಸಿ ಸಿ.ಟಿ. ಸ್ಕ್ಯಾನ್ ಮಾಡಲಾಯಿತು. ಈ ಪರೀಕ್ಷೆಯಲ್ಲಿ ಒಂದು ಸೂಕ್ಷ್ಮವಿದೆ. ಔಷಧ ಹೊಕ್ಕ ಮೊದಲ ಅರ್ಧ ನಿಮಿಷದಲ್ಲಿ ಆರೋಗ್ಯವಂತ ಗುಲ್ಮವೂ ಹುಲಿಯ ಮೈಯಂತೆ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಕೆಂಪು ತಿರುಳಿನ ಒಂದೊಂದು ಹಾದಿಯಲ್ಲಿ ರಕ್ತ ಒಂದೊಂದು ವೇಗದಲ್ಲಿ ಹರಿಯುವುದೇ ಅದಕ್ಕೆ ಕಾರಣ. ಅನುಭವವಿಲ್ಲದವರು ಅದನ್ನೇ ಗಡ್ಡೆಯೆಂದು ತಿಳಿದಾರು. ಆದುದರಿಂದ ತಡವಾಗಿ ತೆಗೆದ ಚಿತ್ರಗಳನ್ನೂ ಜೊತೆಗಿಟ್ಟು ನೋಡಬೇಕು. ಶಿಕ್ಷಕಿಯ ಚಿತ್ರಗಳಲ್ಲಿ ಪಟ್ಟೆಗಳು ಕರಗಿದ ಮೇಲೆಯೂ ಗಡ್ಡೆ ಉಳಿಯಿತು. ಅಂಚು ನುಣುಪಾಗಿದ್ದಿತು. ಔಷಧ ಮೊದಲು ಅಂಚಿನಲ್ಲಿ ಬೆಳಗಿ, ಗಾಡಿಯ ಚಕ್ರದ ಅರಗಳಂತೆ ಗೆರೆಗೆರೆಯಾಗಿ ನಡುವಿನ ಕಡೆಗೆ ನಿಧಾನವಾಗಿ ಸರಿಯಿತು. ಎಂ.ಆರ್.ಐ. ಚಿತ್ರದಲ್ಲಿ ನಡುಭಾಗ ಕಪ್ಪಗಿದ್ದು, ಅಲ್ಲಿ ನಾರಿನಂತಹ ಗಾಯದ ಕಲೆಯಿದೆಯೆಂದು ಸೂಚಿಸಿತು. ಪೆಟ್ ಸ್ಕ್ಯಾನ್‌ನಲ್ಲಿ ಗಡ್ಡೆ ಸ್ವಲ್ಪವೇ ಸ್ವಲ್ಪ ಹೊಳೆಯಿತು. ಮಾರಕ ಗಡ್ಡೆಯಷ್ಟು ಪ್ರಖರವಾಗಿಯೂ ಅಲ್ಲ, ನಿಶ್ಚಿಂತರಾಗುವಷ್ಟು ಮಂಕಾಗಿಯೂ ಅಲ್ಲ.

"ಹಾಗಾದರೆ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬಹುದಲ್ಲ ಸರ್?" ಎಂದು ತಮ್ಮ ಕೇಳಿದನು.

ಗುಲ್ಮಕ್ಕೆ ಸೂಜಿ ಹಾಕುವುದೆಂದರೆ ಹಿಂದಿನ ತಲೆಮಾರಿನ ವೈದ್ಯರು ಬೆಚ್ಚುತ್ತಿದ್ದರು, ರಕ್ತಸ್ರಾವವಾದರೆ ಒತ್ತಿ ಹಿಡಿಯಲು ಅಲ್ಲಿ ಎಡೆಯಿಲ್ಲವೆಂದು. ಈಗ ಪಳಗಿದ ಕೈಯಲ್ಲಿ ತೆಳುವಾದ ಸೂಜಿಯಿಂದ ಅಪಾಯ ಅಷ್ಟೇನೂ ಇಲ್ಲವೆಂದು ತಿಳಿದುಬಂದಿದೆ. ಲಿಂಫೋಮದ ಶಂಕೆ ಬಲವಾಗಿದ್ದರೆ ಅದನ್ನೇ ಮಾಡುವುದೂ ಉಂಟು. ಆದರೆ ನಾಳಗಳ ಗಡ್ಡೆಯಲ್ಲಿ ಪ್ರಶ್ನೆ ರಕ್ತಸ್ರಾವದ್ದು ಮಾತ್ರವಲ್ಲ. ಎಳೆಯಷ್ಟು ಚೂರಿನಲ್ಲಿ ನಾಳಗಳು ಕಂಡಾವು, ಆ ನಾಳಗಳ ಜೋಡಣೆ ಕಾಣದು. ಒಂದು ಅಕ್ಷರವನ್ನು ಕತ್ತರಿಸಿ ತಂದು ಇದು ಯಾವ ಪದ್ಯದ್ದೆಂದು ಕೇಳಿದಂತೆ. ಈ ಹೋಲಿಕೆ ವೈದ್ಯರದಲ್ಲ, ಶಿಕ್ಷಕಿಯದು. ವೈದ್ಯರು ಅದನ್ನು ಕೇಳಿ ತಲೆಯಾಡಿಸಿದರು.

ಮೂರು ದಾರಿಗಳು ಉಳಿದವು: ಕಾದು ನೋಡುವುದು, ಗುಲ್ಮದ ಭಾಗವನ್ನಷ್ಟೇ ತೆಗೆಯುವುದು, ಇಡಿಯಾಗಿ ತೆಗೆಯುವುದು. ಲಕ್ಷಣಗಳಿಲ್ಲ, ಅಂಚು ನುಣುಪು, ಬೇರೆಲ್ಲಿಯೂ ರೋಗವಿಲ್ಲ. ಆದುದರಿಂದ ಮೂರು ತಿಂಗಳು, ಅನಂತರ ಮತ್ತೆ ಮೂರು ತಿಂಗಳು ಕಾದು ನೋಡೋಣವೆಂಬುದು ವೈದ್ಯರ ಅಭಿಪ್ರಾಯವಾಗಿದ್ದಿತು. ತಮ್ಮನಿಗೆ ಇದು ಸೇರಲಿಲ್ಲ. ದಾರಿಯುದ್ದಕ್ಕೂ ಕಾರು ಓಡಿಸುತ್ತ, "ಅಕ್ಕಾ, ಹೊಟ್ಟೆಯೊಳಗೆ ಹಾವಿಟ್ಟುಕೊಂಡು ಕಾಯೋದಾ? ನಾಳೆನೇ ತೆಗೆಸಿಬಿಡೋಣ. ದುಡ್ಡಿನ ಚಿಂತೆ ನಿಂಗೆ ಬೇಡ" ಎಂದನು. "ಹಾವೋ ಹಗ್ಗವೋ ಅಂತ ತಿಳೀದೆ ಮನೆಗೇ ಬೆಂಕಿ ಹಚ್ಚೋದಾ?" ಎಂದು ಅಕ್ಕ ಮರುಪ್ರಶ್ನೆ ಹಾಕಿದರು. ಹೊಸನಗರದ ತಿರುವು ಬರುವವರೆಗೆ ಇಬ್ಬರೂ ಮತ್ತೆ ಮಾತಾಡಲಿಲ್ಲ.

ಆಕೆಯ ಹಿಂಜರಿಕೆಗೆ ಆಧಾರವಿದ್ದಿತು. ಗುಲ್ಮವಿಲ್ಲದೆಯೂ ಮನುಷ್ಯ ಬದುಕಬಲ್ಲನೆಂಬುದು ಬಹುಕಾಲದಿಂದ ಗೊತ್ತಿದ್ದ ಸಂಗತಿಯೇ. ಜರ್ಮನಿಯ ರೊಸ್ಟಾಕ್‌ನಲ್ಲಿ ಕ್ವಿಟ್ಟೆನ್‌ಬೌಮ್ 1826ರಲ್ಲಿ ಮಾಡಿದ ಗುಲ್ಮಛೇದನದಲ್ಲಿ ರೋಗಿ ಉಳಿಯಲಿಲ್ಲ. 1867ರಲ್ಲಿ ಪ್ಯಾರಿಸ್ಸಿನ ಪೆಯಾಂ ಇಪ್ಪತ್ತರ ಹರೆಯದ ತರುಣಿಯೊಬ್ಬಳ ಗುಲ್ಮವನ್ನು ಅದರಲ್ಲಿದ್ದ ನೀರುಗುಳ್ಳೆಯ ಸಮೇತ ತೆಗೆದಾಗ ಆಕೆ ಬದುಕಿದಳು. ಅಲ್ಲಿಂದ ಮುಂದೆ ಹಲವು ದಶಕಗಳ ಕಾಲ, ಇದು ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂಬ ಭಾವನೆ ಶಸ್ತ್ರವೈದ್ಯರಲ್ಲಿ ಬೇರೂರಿತು. 1952ರಲ್ಲಿ ಅಮೆರಿಕದ ಕಿಂಗ್ ಮತ್ತು ಶೂಮಾಕರ್ ಎಂಬಿಬ್ಬರು ಎಳೆಯ ವಯಸ್ಸಿನಲ್ಲಿ ಗುಲ್ಮ ತೆಗೆಸಿಕೊಂಡ ಐದು ಶಿಶುಗಳಿಗೆ ಅನಂತರ ಘೋರವಾದ ಸೋಂಕು ತಗುಲಿದ್ದನ್ನು ಪ್ರಕಟಿಸಿದ ಮೇಲೆ ಆ ಭಾವನೆ ಅಲುಗಿತು. ನ್ಯುಮೊಕಾಕಸ್ ಮೊದಲಾದ, ಮೇಲೆ ಕವಚ ತೊಟ್ಟ ಬ್ಯಾಕ್ಟೀರಿಯಗಳನ್ನು ರಕ್ತದಿಂದ ಸೋಸಿ ತೆಗೆಯುವುದರಲ್ಲಿ ಗುಲ್ಮಕ್ಕೆ ಸಮನಾದ ಅಂಗವಿಲ್ಲ. ಅದಿಲ್ಲದವರಲ್ಲಿ ಬೆಳಿಗ್ಗೆ ನೆಗಡಿಯಂತೆ ಮೊದಲಾದ ಜ್ವರ ಮಾರನೆಯ ದಿನದೊಳಗೆ ಪ್ರಾಣ ತೆಗೆಯಬಹುದು. ಇಂತಹ ಸೋಂಕು ವಿರಳ. ಮಕ್ಕಳಿಗಿಂತ ದೊಡ್ಡವರಲ್ಲಿ ಇನ್ನೂ ವಿರಳ. ಆದರೆ ಬಂದರೆ ಅರ್ಧದಷ್ಟು ಮಂದಿ ಉಳಿಯದಿರುವಷ್ಟು ತೀವ್ರ; ಅದರ ಭಯ ಜೀವಮಾನಪರ್ಯಂತ ಇದ್ದೇ ಇರುತ್ತದೆ. ವರ್ಷವಿಡೀ ಕೆಮ್ಮುವ ಸೀನುವ ನೂರಾರು ಮಕ್ಕಳ ನಡುವೆ ದುಡಿಯುವ ಶಿಕ್ಷಕಿಗೆ ಇದು ಬರಿಯ ಪುಸ್ತಕದ ಮಾತಾಗಿರಲಿಲ್ಲ.

ಗಡ್ಡೆ ಸೆಪ್ಟೆಂಬರ್‌ನಲ್ಲಿ 4.8 ಇದ್ದಿತು. ಅಷ್ಟು ವ್ಯತ್ಯಾಸ ಅಳೆಯುವವರ ಕೈಯದೂ ಇರಬಹುದು. ಡಿಸೆಂಬರ್‌ನಲ್ಲಿ 5.7. ಇನ್ನು ಕಾಯುವುದು ಬೇಡವೆಂದು ಸ್ವತಃ ವೈದ್ಯರೇ ಹೇಳಿದರು. ಬೆಳೆಯುತ್ತಿರುವ, ಗುರುತು ಹತ್ತದ ಗಡ್ಡೆಯನ್ನು ಸೌಮ್ಯವೆಂಬ ಊಹೆಯ ಮೇಲೆ ಬಿಡಲಾಗದು.

ಭಾಗವನ್ನಷ್ಟೇ ತೆಗೆಯಬಹುದೇ ಎಂದು ಶಿಕ್ಷಕಿ ಪಟ್ಟುಹಿಡಿದು ಕೇಳಿದರು. ಅದು ಆಗದ ಮಾತೇನಲ್ಲ. ಗುಲ್ಮಕ್ಕೆ ಬರುವ ಧಮನಿ ಒಳಹೊಗುವ ಮೊದಲೇ ಕವಲೊಡೆದು, ಒಂದೊಂದು ಕವಲೂ ಒಂದೊಂದು ಭಾಗವನ್ನು ಪೋಷಿಸುತ್ತದೆ. ಹೊಲಕ್ಕೆ ನೀರು ಬಿಡುವ ಕಾಲುವೆಗಳಂತೆ. ಒಂದು ಕವಲನ್ನು ಕಟ್ಟಿದರೆ ಆ ಭಾಗ ಮಾತ್ರ ಕಪ್ಪಿಟ್ಟು ಗಡಿ ತಾನಾಗಿ ಮೂಡುತ್ತದೆ. ಆ ಗಡಿಯನ್ನನುಸರಿಸಿ ಕೊಯ್ಯಬಹುದು. ಬ್ರೆಜಿಲ್ ದೇಶದ ಕಾಂಪೋಸ್ ಕ್ರಿಸ್ಟೋ 1962ರಲ್ಲಿ ಪೆಟ್ಟು ಬಿದ್ದ ಎಂಟು ಮಂದಿಯ ಗುಲ್ಮವನ್ನು ಈ ರೀತಿ ಭಾಗಶಃ ಉಳಿಸಿ ತೋರಿಸಿದ್ದನು. ಕಾಲು ಭಾಗದಷ್ಟಾದರೂ ರಕ್ತಸಂಚಾರ ಸಹಿತವಾಗಿ ಉಳಿದರೆ ಗುಲ್ಮದ ಕೆಲಸ ಒಂದು ಮಟ್ಟಿಗೆ ನಡೆಯುತ್ತದೆಂದು ಭಾವಿಸಲಾಗಿದೆ. ಗಡ್ಡೆ ಮೇಲಿನ ಅಥವಾ ಕೆಳಗಿನ ತುದಿಯಲ್ಲಿದ್ದರೆ ಇದೇ ಉತ್ತಮ ಮಾರ್ಗ. ಆದರೆ ಆಕೆಯ ಗಡ್ಡೆ ನಟ್ಟನಡುವೆ, ಧಮನಿ ಸಿರೆಗಳು ಒಳಹೊಗುವ ಬಾಗಿಲಿನಲ್ಲಿಯೇ ಕುಳಿತಿದ್ದಿತು. ವೈದ್ಯರು ಹಾಳೆಯೊಂದರ ಮೇಲೆ ಚಿತ್ರ ಬರೆದು ತೋರಿಸಿದಾಗ ಆಕೆ ಬಹಳ ಹೊತ್ತು ಅದನ್ನೇ ನೋಡಿ, "ಹಾಗಾದರೆ ಆಗಲಿ ಡಾಕ್ಟ್ರೇ" ಎಂದರು.

ಶಸ್ತ್ರಚಿಕಿತ್ಸೆಗೆ ಎರಡು ವಾರ ಮೊದಲೇ ಲಸಿಕೆಗಳನ್ನು ಹಾಕಲಾಯಿತು: ನ್ಯುಮೊಕಾಕಸ್, ಮೆನಿಂಜೊಕಾಕಸ್, ಹೀಮೋಫಿಲಸ್ ಇನ್‌ಫ್ಲುಯೆಂಜೆ ಎಂಬ ಮೂರು ಬ್ಯಾಕ್ಟೀರಿಯಗಳ ವಿರುದ್ಧ, ಮತ್ತು ಫ್ಲೂ ಜ್ವರಕ್ಕೊಂದು. ಈ ಎರಡು ವಾರಗಳ ಅಂತರ ಅಲಕ್ಷಿಸುವಂತಹುದಲ್ಲ. ಗುಲ್ಮ ಇನ್ನೂ ಒಳಗಿರುವಾಗಲೇ ಲಸಿಕೆ ಬಿದ್ದರೆ ಅದರ ಸಹಾಯದಿಂದಲೇ ಪ್ರತಿಕಾಯಗಳು ಚೆನ್ನಾಗಿ ಸಿದ್ಧವಾಗುತ್ತವೆ. ಹೊರಡುವ ಮುನ್ನ ಬುತ್ತಿ ಕಟ್ಟಿಕೊಟ್ಟು ಹೋದಂತೆ.

2024ರ ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. 1991ರಲ್ಲಿ ಪ್ಯಾರಿಸ್ಸಿನ ಡೆಲೆಟ್ರ್ ದರ್ಶಕದ ಮೂಲಕ ಗುಲ್ಮ ತೆಗೆದುದು ವರದಿಯಾದಂದಿನಿಂದ ಸಾಧಾರಣ ಗಾತ್ರದ ಗುಲ್ಮಕ್ಕೆ ಲ್ಯಾಪರೋಸ್ಕೋಪಿಯೇ ರೂಢಿಯಾಗಿದೆ. ರೋಗಿಯನ್ನು ಬಲಮಗ್ಗುಲಿಗೆ ಮಲಗಿಸುತ್ತಾರೆ. ಎಡಪಕ್ಕೆ ಮೇಲಾದಾಗ ಜಠರ ಕರುಳುಗಳು ತಮ್ಮ ಭಾರದಿಂದಲೇ ಕೆಳಗೆ ಸರಿದು ಗುಲ್ಮ ಮೇಲೆ ತೂಗಿಕೊಂಡು ನಿಲ್ಲುತ್ತದೆ. ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆಯನ್ನು ಉಬ್ಬಿಸಿ, ನಾಲ್ಕು ಸಣ್ಣ ರಂಧ್ರಗಳಿಂದ ಕ್ಯಾಮರಾ ಮತ್ತು ಸಲಕರಣೆಗಳನ್ನು ಹೊಗಿಸಲಾಯಿತು. ಮೊದಲು ದೊಡ್ಡಕರುಳಿನೊಡನೆ ಇರುವ ಬಂಧವನ್ನು ಬಿಡಿಸಿದರು. ಬಳಿಕ ಜಠರದಿಂದ ಗುಲ್ಮಕ್ಕೆ ಹಾಯುವ ಗಿಡ್ಡ ನಾಳಗಳನ್ನು ಒಂದೊಂದಾಗಿ ಮುಚ್ಚಿ ಕತ್ತರಿಸಿದರು. ಅವಸರಪಟ್ಟರೆ ಇಲ್ಲಿಯೇ ಜಠರದ ಗೋಡೆ ಸುಡುವ ಭಯ. ಆಮೇಲೆ ಬಾಗಿಲಿನ ಎಡೆ. ಮೇದೋಜೀರಕ ಗ್ರಂಥಿಯ ಬಾಲ ಗುಲ್ಮದ ಬಾಗಿಲಿನವರೆಗೂ ಚಾಚಿರುವುದುಂಟು. ನಾಳಗಳೊಡನೆ ಅದೂ ಸಿಕ್ಕಿ ತುಂಡಾದರೆ ಅದರ ಜೀರ್ಣರಸ ಸೋರಿ ವಾರಗಟ್ಟಲೆ ಕಾಡುತ್ತದೆ. ಅದನ್ನು ಮೆಲ್ಲನೆ ಬದಿಗೆ ಸರಿಸಿ, ಧಮನಿಯನ್ನು ಮೊದಲು, ಸಿರೆಯನ್ನು ಅನಂತರ ಮುಚ್ಚಲಾಯಿತು. ಈ ಕ್ರಮದಿಂದ ಗುಲ್ಮದೊಳಗಿನ ರಕ್ತದ ಒಂದಿಷ್ಟು ಭಾಗ ಶರೀರಕ್ಕೆ ಹಿಂತಿರುಗುತ್ತದೆ.

ಬಿಡಿಸಿದ ಗುಲ್ಮವನ್ನು ಒಳಗೆಯೇ ಚೀಲಕ್ಕೆ ತುಂಬುತ್ತಾರೆ. ಸಾಮಾನ್ಯ ರಕ್ತರೋಗಗಳಿಗಾಗಿ ತೆಗೆದ ಗುಲ್ಮವಾದರೆ ಚೀಲದೊಳಗೇ ಹಿಸುಕಿ ಚೂರು ಮಾಡಿ ಸಣ್ಣ ರಂಧ್ರದಿಂದ ಎಳೆದುಬಿಡಬಹುದು. ಗುರುತು ತಿಳಿಯದ ಗಡ್ಡೆಯಿರುವಲ್ಲಿ ಹಾಗೆ ಮಾಡಲಾಗದು. ಚೂರಾದ ಮೇಲೆ ಪ್ಯಾಥಾಲಜಿ ವೈದ್ಯರಿಗೆ ಓದಲು ಏನೂ ಉಳಿಯುವುದಿಲ್ಲ. ಆದುದರಿಂದ ಕೆಳಹೊಟ್ಟೆಯಲ್ಲಿ ಮತ್ತೊಂದು ಸೀಳು ಮಾಡಿ ಅದನ್ನು ಇಡಿಯಾಗಿ ಹೊರತಂದರು. ಬಾಗಿಲಿನ ಬಳಿ ಹುಣಸೆಬೀಜದಷ್ಟು ಗಾತ್ರದ ಮರಿಗುಲ್ಮವೊಂದು ಕಂಡಿತು. ಹಲವರಲ್ಲಿ ಹೀಗೆ ಒಂದೆರಡು ಇರುತ್ತವೆ. ರೋಗವಿಲ್ಲದ ಅದನ್ನು ಹಾಗೆಯೇ ಬಿಟ್ಟರು. ಅಷ್ಟು ಚಿಕ್ಕದನ್ನು ನಂಬಿ ರಕ್ಷಣೆಯಿದೆಯೆಂದು ತಿಳಿಯಬಾರದೆಂದೂ ಎಚ್ಚರಿಸಿದರು.

ನಾಲ್ಕನೆಯ ದಿನ ಆಕೆ ಮನೆಗೆ ಬಂದರು. ರಕ್ತದ ಕಿರುತಟ್ಟೆಗಳ ಎಣಿಕೆ ಮುಂದಿನ ಎರಡು ವಾರಗಳಲ್ಲಿ ಏರುತ್ತ ಹೋಯಿತು. ಅವುಗಳಲ್ಲಿ ಮೂರರಲ್ಲೊಂದು ಪಾಲನ್ನು ಹಿಡಿದಿಟ್ಟುಕೊಳ್ಳುವ ಉಗ್ರಾಣವೇ ಹೋದುದರಿಂದ ಇದು ನಿರೀಕ್ಷಿತವೇ. ಯಕೃತ್ತಿಗೆ ಹೋಗುವ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿಲ್ಲವೆಂದು ಸ್ಕ್ಯಾನಿಂಗ್ ಮಾಡಿ ನೋಡಿಕೊಂಡರು.

ಪ್ಯಾಥಾಲಜಿ ವರದಿ ಬರಲು ಹದಿನೆಂಟು ದಿನ ಹಿಡಿಯಿತು. ಅದರಲ್ಲಿದ್ದ ಹೆಸರು 'ಸ್ಕ್ಲಿರೋಸಿಂಗ್ ಆಂಜಿಯೋಮಟಾಯ್ಡ್ ನಾಡ್ಯುಲರ್ ಟ್ರಾನ್ಸ್‌ಫಾರ್ಮೇಶನ್'. ತಮ್ಮ ಮೊಬೈಲಿನಲ್ಲಿ ಅದನ್ನು ಮೂರು ಸಲ ಓದಿ, "ಇಷ್ಟುದ್ದ ಹೆಸರು ಅಂದ್ರೆ ದೊಡ್ಡ ಕಾಯಿಲೇನೇ ಅಕ್ಕಾ" ಎಂದು ಕಣ್ಣೀರು ತಂದುಕೊಂಡನು. ಶಿಕ್ಷಕಿ ಕಾಗದ ತೆಗೆದುಕೊಂಡು, ತರಗತಿಯಲ್ಲಿ ಸಮಾಸ ಬಿಡಿಸುವಂತೆಯೇ, ಮರುದಿನ ವೈದ್ಯರಿಂದ ಒಂದೊಂದು ಪದದ ಅರ್ಥವನ್ನೂ ಕೇಳಿ ಬರೆದುಕೊಂಡರು. ಆ ಹಾಳೆ ಈಗಲೂ ಆಕೆಯ ಬಳಿಯಿದೆ.

ಸ್ಕ್ಲಿರೋಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಗಟ್ಟಿ. ಸ್ಕ್ಲಿರೋಸಿಂಗ್ ಎಂದರೆ ನಾರಾಗಿ ಗಟ್ಟಿಗೊಳ್ಳುತ್ತಿರುವುದು. ಆಂಜಿಯೋಮ ಎಂದರೆ ನಾಳಗಳ ಗಡ್ಡೆ. ಅದರ ಬಾಲದಲ್ಲಿರುವ 'ಆಯ್ಡ್' ಎಂಬ ಪ್ರತ್ಯಯದಲ್ಲಿಯೇ ಇಡೀ ವರದಿಯ ಜೀವವಿದೆ: 'ಅದರಂತಹುದು'. ಅಂದರೆ ನಾಳಗಳ ಗಡ್ಡೆಯಂತೆ ತೋರುವುದು, ಗಡ್ಡೆಯೇ ಅಲ್ಲ. ನಾಡ್ಯುಲರ್ ಎಂದರೆ ಗಂಟುಗಂಟಾದುದು. ಕೊನೆಯ ಪದಕ್ಕೆ ರೂಪಾಂತರವೆಂದು ಅರ್ಥ. ಕೂಡಿಸಿ ಹೇಳುವುದಾದರೆ, ಗುಲ್ಮದ ಕೆಂಪು ತಿರುಳೇ ಒಂದೆಡೆ ನಾರುಗಟ್ಟಿ, ಆ ನಾರುಗಳ ನಡುವೆ ಸಿಕ್ಕ ನಾಳಗಳು ಗಂಟುಗಂಟಾಗಿ ರೂಪ ಬದಲಿಸಿವೆ. ಕೊಯ್ದ ಮುಖದಲ್ಲಿ ನಡುವೆ ನಕ್ಷತ್ರದಾಕಾರದ ಬಿಳಿಯ ಕಲೆ, ಸುತ್ತ ಕಂದುಗೆಂಪಿನ ಗುಂಡುಗಳು. ಸ್ಕ್ಯಾನ್‌ನಲ್ಲಿ ಗಾಡಿಯ ಅರಗಳಂತೆ ಕಂಡುದು ಇದೇ. ಬಣ್ಣ ಹಾಯಿಸುವ ವಿಶೇಷ ಪರೀಕ್ಷೆಯಲ್ಲಿ ಗುಂಡುಗಳೊಳಗೆ ಮೂರು ಬಗೆಯ ನಾಳಗಳು ಬೇರೆಬೇರೆಯಾಗಿ ತೋರಿದವು: ಲೋಮನಾಳಗಳು, ಸಿಡಿ8 ಎಂಬ ಗುರುತುಳ್ಳ ಗುಲ್ಮದ ಕಾಲುವೆಗಳು, ಕಿರುಸಿರೆಗಳು. ಆರೋಗ್ಯವಂತ ಕೆಂಪು ತಿರುಳಿನಲ್ಲಿ ಇರುವುದೂ ಈ ಮೂರೇ. ಮಾರಕವೆನ್ನುವಂತಹ ಕೋಶ ಒಂದೂ ಇರಲಿಲ್ಲ.

ಈ ಸ್ಥಿತಿಗೆ ಈ ಹೆಸರು ಬಂದುದು 2004ರಲ್ಲಿ. ಮಾರ್ಟೆಲ್, ಚಾನ್, ರೊಸಾಯ್ ಮೊದಲಾದವರು 25 ರೋಗಿಗಳ ಗುಲ್ಮಗಳನ್ನು ಒಟ್ಟಿಗಿರಿಸಿ ಅಭ್ಯಸಿಸಿದಾಗ ಇದು ಬೇರೆಯೇ ಒಂದು ವಸ್ತುವೆಂದು ಸ್ಪಷ್ಟವಾಯಿತು. ಅವರಲ್ಲಿ ಹೆಂಗಸರೇ ಹೆಚ್ಚು. ಅದಕ್ಕೂ ಹಿಂದೆ ಇಂತಹವು ಹ್ಯಾಮಾರ್ಟೋಮ ಮೊದಲಾದ ಬೇರೆ ಹೆಸರುಗಳಡಿ ಸೇರಿಹೋಗುತ್ತಿದ್ದವು. ತೆಗೆದರೆ ಮುಗಿಯಿತು; ಬೇರೆ ಮದ್ದು ಬೇಕಿಲ್ಲ.

ತಮ್ಮ ಕಣ್ಣೊರೆಸಿಕೊಂಡವನು ಸ್ವಲ್ಪ ಹೊತ್ತಿನಲ್ಲಿಯೇ ಸಿಟ್ಟಾದನು. "ಹಾಗಾದ್ರೆ ತೆಗೀದಿದ್ರೂ ಆಗ್ತಿತ್ತಲ್ಲ ಸರ್? ಸುಮ್ಮನೆ ಒಂದು ಅಂಗ ಹೋಯ್ತಲ್ಲ?" ನಾಳೆಯೇ ತೆಗೆಸೋಣವೆಂದು ಹಟಹಿಡಿದವನೂ ಅವನೇ ಎಂಬುದನ್ನು ಅಕ್ಕ ನೆನಪಿಸಲಿಲ್ಲ. ವೈದ್ಯರು ಜಾಣತನದ ಉತ್ತರಕ್ಕೆ ಹೋಗಲಿಲ್ಲ. "ತೆಗೆದಿದ್ದರಿಂದ ಈ ಮಾತು ಹೇಳೋಕಾಯ್ತು. ಒಳಗಿದ್ದಾಗ ನನಗೂ ಗೊತ್ತಿರಲಿಲ್ಲ" ಎಂದಷ್ಟೇ ಹೇಳಿದರು. ಚಿತ್ರಗಳಿಂದಲೇ ಗುರುತು ಹಿಡಿದು, ಬೆಳೆಯದಿದ್ದರೆ ಕಾದು ನೋಡುವ ಕ್ರಮ ಈಗ ಕೆಲವೆಡೆ ಇದೆ. ಆಕೆಯ ವಿಷಯದಲ್ಲಿಯೂ ಆರು ತಿಂಗಳು ಅದೇ ನಡೆದಿದ್ದಿತು. ಆದರೆ ಗಡ್ಡೆ ಬೆಳೆದುದೂ ಅಷ್ಟೇ ನಿಜ. ಈ ಕೊರತೆಯನ್ನು ತುಂಬಬಲ್ಲ ಪರೀಕ್ಷೆ ಇನ್ನೂ ಬರಬೇಕಾಗಿದೆ. ಅಲ್ಲಿಯವರೆಗೆ ಕೆಲವರು ನಿರಪಾಯಕಾರಿಯಾದುದಕ್ಕಾಗಿಯೂ ಒಂದು ಅಂಗವನ್ನು ಕೊಡಬೇಕಾಗುತ್ತದೆ ಎಂಬುದನ್ನು ಮುಚ್ಚಿಡದೆ ಹೇಳುವುದೇ ಮೇಲು.

ಆಕೆಯ ಪರ್ಸಿನಲ್ಲಿ ಈಗ ಬಸ್ ಪಾಸಿನ ಅಳತೆಯ ಒಂದು ಚೀಟಿಯಿದೆ: ಗುಲ್ಮವಿಲ್ಲ, ಜ್ವರ ಬಂದರೆ ಕಾಯದೆ ಆಂಟಿಬಯೋಟಿಕ್ ಕೊಡಿ, ಲಸಿಕೆ ಹಾಕಿದ ದಿನಾಂಕಗಳು ಇಂತಿಂತಹವು. ಮನೆಯ ಕಪಾಟಿನಲ್ಲಿ ತುರ್ತಿಗೆಂದು ಒಂದು ಪಟ್ಟಿ ಮಾತ್ರೆಯಿದೆ. ನಾಯಿ ಕಚ್ಚಿದರೆ, ಮಲೇರಿಯ ಇರುವ ಊರಿಗೆ ಹೋಗಬೇಕಾದರೆ ಏನು ಮಾಡಬೇಕೆಂದೂ ಹೇಳಿಕೊಟ್ಟಿದ್ದಾರೆ. ತಾಯಿಗೆ ಈ ಕೊನೆಯ ಮಾತು ಮಾತ್ರ ಚೆನ್ನಾಗಿ ಹಿಡಿಸಿತು. "ನಾ ಹೇಳಲಿಲ್ವಾ, ಇದು ಜ್ವರದ್ದೇ ಗಡ್ಡೆ" ಎಂದು ಬಂದವರಿಗೆಲ್ಲ ಹೇಳುತ್ತಾರೆ.

ಅದೇ ವರ್ಷ ಆಗಸ್ಟ್‌ನ ಮಳೆಯಲ್ಲಿ ಒಂದು ರಾತ್ರಿ ಆಕೆಗೆ ಚಳಿ ಬಂದಿತು. ಜ್ವರಮಾಪಕ 102 ತೋರಿಸಿತು. ಕಷಾಯ ಕುಡಿದು ಬೆಳಗಿನವರೆಗೆ ನೋಡೋಣವೆಂದು ಯಾರೂ ಹೇಳಲಿಲ್ಲ. ಮೊದಲ ಮಾತ್ರೆ ನುಂಗಿಸಿ, ತಮ್ಮ ಎರಡು ಗಂಟೆಯ ಹೊತ್ತಿನಲ್ಲಿ ಕಾರು ಹೊರಡಿಸಿದನು. ದಾರಿಯಲ್ಲಿ ಬಿದ್ದ ಮರದ ಕೊಂಬೆಯನ್ನು ಇಬ್ಬರೂ ಇಳಿದು ಸರಿಸಬೇಕಾಯಿತು. ಆಸ್ಪತ್ರೆಯಲ್ಲಿ ಆ ರಾತ್ರಿ ಇದ್ದ ಕಿರಿಯ ವೈದ್ಯೆ ಚೀಟಿಯನ್ನು ಓದಿದವರೇ ಎದ್ದು ನಿಂತು, ರಕ್ತದ ಮಾದರಿ ತೆಗೆದು, ಅದರ ಫಲಿತಾಂಶಕ್ಕೆ ಕಾಯದೆ ಇಂಜೆಕ್ಷನ್ ಕೊಟ್ಟರು. ಬೆಳಗಿನ ವೇಳೆಗೆ ಜ್ವರ ಇಳಿಯಿತು. ಮೂರನೆಯ ದಿನ ಬಂದ ಫಲಿತಾಂಶದಲ್ಲಿ ರಕ್ತದಲ್ಲಿ ಬ್ಯಾಕ್ಟೀರಿಯವೇನೂ ಬೆಳೆದಿರಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಹರಡಿದ್ದ ಮಳೆಗಾಲದ ಜ್ವರವೇ ಅದಾಗಿತ್ತು. ಸೋಮವಾರ ಎರಡನೆಯ ಪಿರಿಯಡ್‌ಗೆ ಆಕೆ ಹತ್ತನೆಯ ತರಗತಿಗೆ ಹೋದರು. ಅಂದಿನ ಪಾಠ ತತ್ಸಮ ತದ್ಭವ.